ಭರಣಿಗೆ ಬರುತ್ತೇವೆ ಎಂದವರು

2023ರ ಬೇಸಿಗೆಯಲ್ಲಿ ನಾನು ಚಿತ್ರದುರ್ಗದಲ್ಲಿ ಕುರಿ ಸಾಕುವವರ ಸಂಘವೊಂದರ ಕಚೇರಿಯಲ್ಲಿದ್ದೆ. ಹುದ್ದೆಯ ಹೆಸರು ಪ್ರೋಗ್ರಾಮರ್. ಇಡೀ ಕಚೇರಿಗೆ ನಾನೊಬ್ಬಳೇ ಪ್ರೋಗ್ರಾಮರ್ ಆದ್ದರಿಂದ ಮೇಲೆ ಹೇಳುವವರೂ ಇರಲಿಲ್ಲ, ಕೆಳಗೆ ಕೇಳುವವರೂ ಇರಲಿಲ್ಲ. ಅದಕ್ಕೂ ಮೊದಲು ಇಪ್ಪತ್ತೆರಡು ವರ್ಷ ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡಿದ್ದೆ. ಅಷ್ಟು ವರ್ಷ ಪಾಠ ಮಾಡಿದವರಿಗೆ ಎದುರಿಗೆ ಬಂದದ್ದನ್ನೆಲ್ಲ ಉತ್ತರ ಪತ್ರಿಕೆಯೆಂದುಕೊಂಡು ಕೆಂಪು ಗೆರೆ ಎಳೆಯುವ ಚಟ ಅಂಟಿಕೊಂಡಿರುತ್ತದೆ. ನನಗೂ ಇತ್ತು. ಈಗ ಸ್ವಲ್ಪ ಕಡಿಮೆಯಾಗಿದೆ. ಹೇಗೆ ಕಡಿಮೆಯಾಯಿತು ಎಂದು ಹೇಳುತ್ತೇನೆ.

ನಮ್ಮ ಸಂಘದ ಮುಖ್ಯ ಕೆಲಸ ಕುರಿಗಳಿಗೆ ಲಸಿಕೆ ಹಾಕಿಸುವುದು. ಕೇಳಲು ಸುಲಭ. ಆದರೆ ಕುರಿ ಮನೆಯಲ್ಲಿ ಇರುವುದಿಲ್ಲ. ಹೊಸದುರ್ಗ, ಹಿರಿಯೂರು ಕಡೆಯ ಎಷ್ಟೋ ಕುರಿಗಾರ ಕುಟುಂಬಗಳು ಸಂಕ್ರಾಂತಿ ಕಳೆದ ಮೇಲೆ ಮಂದೆ ಹೊಡೆದುಕೊಂಡು ನೀರಾವರಿ ಇರುವ ಪಡುವಣ ದಿಕ್ಕಿಗೆ ಹೋಗುತ್ತವೆ. ಕಟಾವಾದ ಗದ್ದೆಗಳಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ, ಹೊಲದವರಿಗೆ ಗೊಬ್ಬರವಾಗುತ್ತದೆ. ಮುಂಗಾರಿನ ಮೊದಲ ಮಳೆಗಳು ಬಿದ್ದ ಮೇಲೆ ಊರ ಕಡೆ ತಿರುಗುತ್ತಾರೆ. ಆಗಲೇ ಅಪಾಯ. ಒಣ ಮೇವು ತಿಂದು ಬಂದ ಕುರಿ ಹೊಸ ಹಸಿರು ಹುಲ್ಲಿಗೆ ಒಮ್ಮೆಲೇ ಬಾಯಿ ಹಾಕಿದರೆ ಕರುಳುಬೇನೆ ಬರುತ್ತದೆ. ಬೆಳಿಗ್ಗೆ ಮೇಯುತ್ತಿದ್ದ ಕುರಿ ಸಂಜೆಗೆ ಬಿದ್ದಿರುತ್ತದೆ. ಮಂದೆ ವಾಪಸಾದ ಕೂಡಲೇ, ಹುಲ್ಲು ಮೇಲೇಳುವ ಮೊದಲೇ ಲಸಿಕೆ ಬೀಳಬೇಕು. ಮಂಜುಗಡ್ಡೆ ಪೆಟ್ಟಿಗೆ ಇಟ್ಟುಕೊಂಡ ನಮ್ಮ ಗಾಡಿ ಯಾವ ದಿನ, ಯಾವ ಮಂದೆಯನ್ನು, ಎಲ್ಲಿ ಹೋಗಿ ಕಾಣಬೇಕು ಎಂಬ ಪಟ್ಟಿ ತಯಾರಿಸುವುದು ನನ್ನ ಕೈಯಲ್ಲಿದ್ದ ಪ್ರೋಗ್ರಾಂನ ಕೆಲಸ. ಕುರಿಗಾರರು ಆ ಗಾಡಿಯನ್ನು ಸೂಜಿ ಗಾಡಿ ಎನ್ನುತ್ತಾರೆ.

ಪ್ರೋಗ್ರಾಂ ಬರೆದವರು ತಿಪ್ಪೇಸ್ವಾಮಿ. ಜಾನುವಾರು ಸಹಾಯಕರಾಗಿ ಊರೂರು ತಿರುಗಿ, ಕೊನೆಯ ಕೆಲವು ವರ್ಷ ಕಚೇರಿಯಲ್ಲಿ ಕೂತು, ಯಾರ ಹತ್ತಿರವೂ ಕಲಿಯದೆ ತಾವೇ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತವರು. ನಿವೃತ್ತರಾಗಿ ಶ್ರೀರಾಂಪುರದ ತಮ್ಮ ಮನೆಗೆ ಹೋಗುವ ದಿನ ನನಗೆ ಲ್ಯಾಪ್‌ಟಾಪ್ ಒಪ್ಪಿಸುತ್ತಾ, "ಮೇಡಂ, ಸ್ವಲ್ಪ ಗಲೀಜೈತೆ. ಆದ್ರೆ ನಡೀತೈತೆ. ಏನಾರ ತಿಳೀಲಿಲ್ಲಂದ್ರೆ ಒಂದು ಫೋನ್ ಮಾಡ್ರಿ" ಎಂದಿದ್ದರು. ಮೂರು ಮಾತಿನಲ್ಲಿ ನನ್ನ ಕಿವಿಗೆ ಬಿದ್ದದ್ದು ಮೊದಲನೆಯದು ಮಾತ್ರ.

ಗಲೀಜು ಇದ್ದದ್ದು ನಿಜ. ನಾಲ್ಕು ಸಾವಿರ ಸಾಲು, ಎಲ್ಲವೂ ಒಂದೇ ಫೈಲಿನಲ್ಲಿ. ಒಂದು ಕಡೆ ಕುರಿ ಎಂದು ಕರೆದದ್ದನ್ನು ಇನ್ನೊಂದು ಕಡೆ ಮಂದೆ, ಮತ್ತೊಂದು ಕಡೆ ಬರೀ ಎಕ್ಸ್ ಎಂದು ಕರೆದಿದ್ದರು. ನನ್ನ ವಿದ್ಯಾರ್ಥಿ ಹೀಗೆ ಬರೆದಿದ್ದರೆ ಹೊರಗೆ ನಿಲ್ಲಿಸುತ್ತಿದ್ದೆ. ಆ ಫೆಬ್ರವರಿಯಲ್ಲಿ ರೀಫ್ಯಾಕ್ಟರಿಂಗ್ ಮಾಡಿಯೇ ಬಿಡುವುದೆಂದು ಸೊಂಟ ಕಟ್ಟಿದೆ. ರೀಫ್ಯಾಕ್ಟರಿಂಗ್ ಎಂದರೆ ಪ್ರೋಗ್ರಾಂ ಮಾಡುವ ಕೆಲಸ ಚೂರೂ ಬದಲಾಗದಂತೆ ಅದರ ಒಳಗಿನ ಬರವಣಿಗೆಯನ್ನು ಓರಣಗೊಳಿಸುವುದು. ಅಡುಗೆಮನೆಯ ಡಬ್ಬಿಗಳನ್ನೆಲ್ಲ ಇಳಿಸಿ, ಒರೆಸಿ, ಮತ್ತೆ ಜೋಡಿಸಿದ ಹಾಗೆ. ಅದನ್ನು ಕೈಯಲ್ಲಿ ಮಾಡಲು ತಿಂಗಳುಗಟ್ಟಲೆ ಬೇಕು. ತಾನಾಗಿಯೇ ಮಾಡಿಕೊಡುವ ಒಂದು ಸಾಧನ ಸಿಕ್ಕಿತು. ಅದು ಇಡೀ ಫೈಲನ್ನು ಓದಿ, ಹೆಸರುಗಳನ್ನು ಒಂದೇ ರೀತಿ ಮಾಡಿ, ಫೈಲನ್ನು ಒಡೆದು, ಕೊನೆಗೆ ಒಂದು ವರದಿ ಕೊಟ್ಟಿತು: ಈ ಇಷ್ಟು ಫಂಕ್ಷನ್‌ಗಳನ್ನು ಯಾರೂ ಕರೆಯುತ್ತಿಲ್ಲ, ತೆಗೆಯಲೇ? ಫಂಕ್ಷನ್ ಎಂದರೆ ಒಂದು ಸಣ್ಣ ಕೆಲಸಕ್ಕೆಂದು ಬರೆದು, ಹೆಸರಿಟ್ಟು, ಬೇಕಾದಾಗ ಹೆಸರು ಹಿಡಿದು ಕರೆಯುವ ಕೋಡ್‌ನ ತುಂಡು.

ಆ ಪಟ್ಟಿಯಲ್ಲಿ ಆರು ವಿಚಿತ್ರ ಹೆಸರುಗಳಿದ್ದವು. ಇಂಗ್ಲಿಷ್ ಅಕ್ಷರಗಳಲ್ಲಿ ಮಳೆ ಅಶ್ವಿನಿ, ಮಳೆ ಭರಣಿ, ಮಳೆ ಕೃತ್ತಿಕೆ ಎಂದು ಹೀಗೆ ಆರಿದ್ರದವರೆಗೆ. ಅಶ್ವಿನಿ ಭರಣಿಯನ್ನು ಕರೆಯುತ್ತಿತ್ತು, ಭರಣಿ ಕೃತ್ತಿಕೆಯನ್ನು. ತಮ್ಮ ತಮ್ಮಲ್ಲೇ ಕರೆದುಕೊಳ್ಳುತ್ತಿದ್ದವೇ ಹೊರತು ಹೊರಗಿನಿಂದ ಒಬ್ಬರೂ ಅವುಗಳ ಬಾಗಿಲು ತಟ್ಟುತ್ತಿರಲಿಲ್ಲ. ನಾನೇ ಹುಡುಕಿ ನೋಡಿದೆ. ಇಲ್ಲ. ಯಾವುದೋ ಕಾಲದಲ್ಲಿ ಯಾರೋ ಮಳೆ ವರದಿ ಕೇಳಿರಬೇಕು, ತಿಪ್ಪೇಸ್ವಾಮಿ ಪಂಚಾಂಗ ನೋಡಿ ಬರೆದು ಅಲ್ಲೇ ಮರೆತಿರಬೇಕು ಎಂದುಕೊಂಡು ಹೂಂ ಎಂದೆ. ಸಾಧನ ತೆಗೆಯಿತು. ಹಿಂದಿನ ವರ್ಷದ ಮಾಹಿತಿ ಹಾಕಿ ಓಡಿಸಿದೆ. ಹಿಂದಿನ ವರ್ಷದ ಪಟ್ಟಿಯೇ ಒಂದು ಹೆಸರೂ ಹೆಚ್ಚುಕಮ್ಮಿಯಾಗದೆ ಬಂತು. ನಾಲ್ಕು ಸಾವಿರ ಸಾಲು ಎರಡೂವರೆ ಸಾವಿರಕ್ಕೆ ಇಳಿದಿತ್ತು. ಅವತ್ತು ಕಚೇರಿಯವರಿಗೆಲ್ಲ ನಾನೇ ಮಿರ್ಚಿ ತರಿಸಿ ತಿನ್ನಿಸಿದೆ.

ಮೇ ತಿಂಗಳ ಮೊದಲ ವಾರ ಗಾಡಿಯ ಜೊತೆ ಹೋಗುವ ನಮ್ಮ ಸಹಾಯಕಿ ಶೋಭಾ ಫೋನ್ ಮಾಡಿದಳು. "ಮೇಡಂ, ಈ ಸಲ ಪಟ್ಟಿ ಯಾಕೋ ಸಣ್ಣಕ್ಕೈತಲ್ರಿ. ಹೋದ ವರ್ಷ ಈ ಹೊತ್ತಿಗೆ ಉಸಿರಾಡಾಕೆ ಪುರಸೊತ್ತಿರ್ಲಿಲ್ಲ."

ಪಟ್ಟಿಯಲ್ಲಿ ಇಪ್ಪತ್ತೆರಡು ಮಂದೆಗಳಿದ್ದವು. ನೋಂದಣಿ ತೆಗೆದು ನೋಡಿದರೆ ಅರವತ್ತು. ಉಳಿದ ಮೂವತ್ತೆಂಟು ಎಲ್ಲಿ? ಅಳಿಸಿ ಹೋಗಿವೆಯೇ ಎಂದು ನೋಡಿದರೆ, ಇಲ್ಲ, ಹೆಸರು, ಊರು, ಫೋನ್ ನಂಬರ್ ಎಲ್ಲ ಅಚ್ಚುಕಟ್ಟಾಗಿ ಇದ್ದವು. ತಪ್ಪು ಮಾಹಿತಿ ಎಂದು ಪ್ರೋಗ್ರಾಂ ತಿರಸ್ಕರಿಸಿದೆಯೇ ಎಂದರೆ ಒಂದೇ ಒಂದು ಎರರ್ ಇರಲಿಲ್ಲ. ಒಳಗೆ ಹೋಗುವಾಗ ಅರವತ್ತು, ಹೊರಗೆ ಬರುವಾಗ ಇಪ್ಪತ್ತೆರಡು, ನಡುವೆ ಯಾರೂ ಯಾರನ್ನೂ ತಡೆದಿಲ್ಲ. ಪಾಠ ಮಾಡುವಾಗ ನಾನು ಹೇಳುತ್ತಿದ್ದೆ, ಕಂಪ್ಯೂಟರ್ ಎಂದೂ ಸುಮ್ಮನೆ ತಪ್ಪುವುದಿಲ್ಲ, ಕೂಗಿ ಹೇಳುತ್ತದೆ ಎಂದು. ಇಲ್ಲಿ ಅದು ಬಾಯಿಗೆ ಬೀಗ ಹಾಕಿಕೊಂಡು ಕುಳಿತಿತ್ತು.

ಹಿಂದಿನ ವರ್ಷದ ಮಾಹಿತಿಯನ್ನು ಮತ್ತೆ ಹಾಕಿದೆ. ಪಟ್ಟಿ ಪೂರ್ತಿ ಬಂತು! ಈ ವರ್ಷದ್ದು ಹಾಕಿದೆ. ಇಪ್ಪತ್ತೆರಡು. ಮತ್ತೆ ಹಳೆಯದು. ಪೂರ್ತಿ. ಅದೇ ಪ್ರೋಗ್ರಾಂ, ಅದೇ ಕುರಿಗಾರರು, ವರ್ಷ ಮಾತ್ರ ಬೇರೆ. ನನಗೆ ತಲೆಬುಡ ತಿಳಿಯಲಿಲ್ಲ. ಹಳೆಯ ಪ್ರೋಗ್ರಾಮನ್ನೇ ಮತ್ತೆ ತಂದು ಕೂರಿಸೋಣವೆಂದರೆ, ನಾನು ಚೊಕ್ಕಟ ಮಾಡುವ ಭರದಲ್ಲಿ ಮಾಹಿತಿಯ ಕಾಲಂಗಳ ಹೆಸರುಗಳನ್ನೂ ಬದಲಾಯಿಸಿದ್ದೆ; ಹಳೆಯದು ಹೊಸ ಮಾಹಿತಿಯನ್ನು ಓದಲು ಒಪ್ಪಲಿಲ್ಲ.

ಮರುದಿನ ಬೆಳಿಗ್ಗೆ ಕಚೇರಿ ಬಾಗಿಲು ತೆರೆಯುತ್ತಿದ್ದಂತೆ ಬಂದ ಫೋನ್ ಕರಿಯಮ್ಮನದು. ಬಾಗೂರು ಕಡೆಯವರು, ಐವತ್ತೈದರ ಆಸುಪಾಸು, ಗಂಡ ತೀರಿಕೊಂಡ ಮೇಲೆ ಮೈದುನನ ಜೊತೆ ಮಂದೆ ನಡೆಸುತ್ತಿದ್ದರು.

"ಮೇಡಂ, ಸೂಜಿ ಗಾಡಿ ಯಾವಾಗ ಬರ್ತೈತೆ? ನಾವು ಬಂದು ಐದು ದಿನ ಆತು. ಹುಲ್ಲು ಎದ್ದೈತೆ. ಕುರಿ ತಡೀತಿಲ್ಲ. ಆ ಕಲ್ಲುಗುಡ್ಡದ ಮ್ಯಾಲೆ ಹೊಡ್ಕಂಡು ಜಾಲಿಕಾಯಿ ಉದುರಿಸ್ತಾ ಕುಂತಿದೀವಿ."

"ನಿಮ್ಮ ಹೆಸರು ಪಟ್ಟಿಯಲ್ಲಿ ಬಂದಿಲ್ಲ ಕರಿಯಮ್ಮಕ್ಕ. ಯಾಕೆ ಅಂತ ನೋಡ್ತಿದೀನಿ."

"ನಾನು ಹೇಳಿದ್ನಲ್ಲ! ಹೊರಡಾಗ್ಲೇ ಶೋಭಮ್ಮಂಗೆ ಹೇಳಿದೀನಿ. ಆವಮ್ಮ ನನ್ ಮುಂದೇನೆ ಫೋನ್‌ನಾಗೆ ಬರ್ಕಂಡ್ತು." ಹಿಂದೆಯೇ, "ನಿನ್ನೆ ಎರಡು ಮರಿ ತಪ್ಪಿಸ್ಕಂಡು ಕೆಳಕ್ಕೆ ಹೋಗಿದ್ವು. ಎರಡೂ ಹೋದ್ವು" ಎಂದರು.

ಅಲ್ಲಿಯವರೆಗೆ ನನಗೆ ಅದು ಬಿಡಿಸಲಾಗದ ಲೆಕ್ಕದಂತಿತ್ತು. ಆಗ ಅದು ಎರಡು ಮರಿಯಾಯಿತು. ಪಟ್ಟಿ ಇಲ್ಲದಿದ್ದರೂ ಗಾಡಿ ಕಳಿಸೋಣವೆಂದು ಶೋಭಾಗೆ ಹೇಳಿದೆ. ಅವಳು, ಕರಿಯಮ್ಮನ ಹತ್ತಿರ ನಾಳೆಯೇ ಹೋಗುತ್ತೇನೆ, ಉಳಿದ ಮೂವತ್ತೇಳು ಮಂದೆಯಲ್ಲಿ ಯಾರು ವಾಪಸ್ ಬಂದಿದ್ದಾರೆ, ಯಾರು ಇನ್ನೂ ದಾರಿಯಲ್ಲಿದ್ದಾರೆ ಯಾರಿಗೆ ಗೊತ್ತು ಎಂದು ಕೇಳಿದಳು. ಫೋನ್ ಹಚ್ಚಿದರೆ ಅರ್ಧ ಜನ ಸಿಗಲಿಲ್ಲ. ಮಂಜುಗಡ್ಡೆ ಕರಗುವಷ್ಟರಲ್ಲಿ ಹಾಕಿ ಮುಗಿಸಬೇಕಾದ ಲಸಿಕೆ ಹೊತ್ತುಕೊಂಡು ಜಿಲ್ಲೆಯ ಉದ್ದಗಲ ಹುಡುಕಿಕೊಂಡು ತಿರುಗಲು ಆಗುವುದಿಲ್ಲ.

ನಾನು ಮಾಡಬೇಕಿದ್ದ ಫೋನ್ ಯಾವುದೆಂದು ಮೊದಲ ದಿನವೇ ಗೊತ್ತಿತ್ತು. ಬಿಗುಮಾನ ಬಿಡಲಿಲ್ಲ. ಈಗ ಫೋನ್ ಮಾಡಿ ಕೇಳುವ ಮುಖವೂ ಇರಲಿಲ್ಲ. ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಮರುದಿನ ಬೆಳಿಗ್ಗೆ ಹೊಸದುರ್ಗದ ಬಸ್ ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಶ್ರೀರಾಂಪುರ. ದಾರಿಯುದ್ದಕ್ಕೂ ರಸ್ತೆಯ ಎರಡೂ ಬದಿ ಎಳೆ ಹಸಿರು. ಬೇರೆ ವರ್ಷವಾಗಿದ್ದರೆ ಕಣ್ಣಿಗೆ ತಂಪು ಎನ್ನುತ್ತಿದ್ದೆ. ಅವತ್ತು ಅದನ್ನು ನೋಡಲು ಭಯವಾಯಿತು.

ತಿಪ್ಪೇಸ್ವಾಮಿ ಜಗುಲಿಯ ಮೇಲೆ ತೆಂಗಿನ ಸೋಗೆ ಹೆಣೆಯುತ್ತಾ ಕೂತಿದ್ದರು. "ಓಹೋ, ಗಿರಿಜಾ ಮೇಡಂ! ಬರ್ರಿ, ಕುಂತ್ಕಳ್ರಿ. ಲೇ, ನೀರು ಕೊಡ್ರೇ" ಎಂದು ಒಳಗೆ ಕೂಗಿದರು. ನಾನು ಲ್ಯಾಪ್‌ಟಾಪ್ ತೆರೆದು, ನನ್ನ ಹೊಸ ಕೋಡ್ ತೋರಿಸಿ, ಸಾಧನದ ವರದಿ ತೋರಿಸಿ, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವರು ತೆರೆಯ ಕಡೆ ತಿರುಗಿಯೂ ನೋಡಲಿಲ್ಲ.

"ಕರಿಯಮ್ಮ ಏನಂತ ಬರೆಸಿದ್ಲು?" ಎಂದರು.

ನೋಡಿದೆ. ವಾಪಸಾಗುವ ದಿನ ಎಂಬ ಕಾಲಂನಲ್ಲಿ 'ಭರಣಿ' ಎಂದಿತ್ತು. ಅದನ್ನು ನಾನು ಮೊದಲೇ ನೋಡಿರಲಿಲ್ಲವೆಂದಲ್ಲ. ಶೋಭಾ ಬರೆದುಕೊಂಡ ಟಿಪ್ಪಣಿ ಇರಬೇಕು, ದಿನಾಂಕವನ್ನು ಪ್ರೋಗ್ರಾಂ ಬೇರೆಲ್ಲಿಂದಲೋ ತೆಗೆದುಕೊಳ್ಳುತ್ತದೆ ಎಂದುಕೊಂಡಿದ್ದೆ.

"ಮತ್ತೆ ಭರಣಿ ಫಂಕ್ಷನ್ ಎಲ್ಲೈತೆ?"

"ಅದನ್ನ ಯಾರೂ ಕರೀತಿರ್ಲಿಲ್ಲ, ಸರ್. ತೆಗೆದೆ."

ಅವರು ಸೋಗೆ ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಅದೇ ಇನ್ನಷ್ಟು ಕಷ್ಟವಾಯಿತು.

"ನೋಡ್ರಿ ಮೇಡಂ, ಕುರಿಗಾರ್ರು ತಾರೀಖು ಹೇಳಲ್ಲ. ನೂರಾರು ಬಾಯಿ ಹಿಂದಿಟ್ಕಂಡು ನಡೆಯೋರು, ಇಂಥಾ ದಿನ ಬರ್ತೀನಿ ಅಂತ ಹೆಂಗೆ ಹೇಳ್ತಾರೆ? ಮಳೆ ಹೇಳ್ತಾರೆ. ಭರಣಿ ಅಂದ್ರೆ ಪಂಚಾಂಗದ ಭರಣಿ ಅಲ್ಲ. ಭರಣಿ ನಮ್ಮೂರಾಗೆ ಬಿದ್ರೆ ಬರ್ತೀವಿ, ಬೀಳ್ಲಿಲ್ಲಾಂದ್ರೆ ಕೃತ್ತಿಕೆ ನೋಡ್ತೀವಿ ಅಂತ. ಅದಕ್ಕೇ ಒಂದೊಂದು ಮಳೆಗೆ ಒಂದೊಂದು ಫಂಕ್ಷನ್. ಹೋಬಳಿ ಮಳೆ ಲೆಕ್ಕ ನೋಡ್ತೈತೆ, ಬಿದ್ದಿದ್ರೆ ದಿನ ಕೊಡ್ತೈತೆ, ಬಿದ್ದಿಲ್ಲಾಂದ್ರೆ ಮುಂದಿನ ಮಳೆನ ಕರೀತೈತೆ. ಇನ್ನೂ ಬರ್ದಿರೋ ಮಳೆಗೆ ಸದ್ಯಕ್ಕೆ ಪಂಚಾಂಗದ ದಿನ ಇಟ್ಕಂತೈತೆ."

"ಆದ್ರೆ ಮೊದಲನೇದನ್ನ ಯಾರು ಕರೀತಾರೆ?"

"ಕರಿಯಮ್ಮನೇ ಕರೀತಾಳೆ."

ಆಗ ಹೊಳೆಯಿತು. ಪೈಥಾನ್ ಡೈನಾಮಿಕ್ ಭಾಷೆ. ಯಾವ ಫಂಕ್ಷನ್ ಕರೆಯಬೇಕು ಎಂಬುದನ್ನು ಮೊದಲೇ ಬರೆದಿಡಬೇಕಿಲ್ಲ, ಪ್ರೋಗ್ರಾಂ ಓಡುತ್ತಿರುವಾಗಲೇ ಹೆಸರು ಜೋಡಿಸಿ ಕರೆಯಬಹುದು. ತಿಪ್ಪೇಸ್ವಾಮಿ ಒಂದೇ ಸಾಲಿನಲ್ಲಿ 'ಮಳೆ' ಎಂಬ ಪದಕ್ಕೆ ಕುರಿಗಾರರು ಹೇಳಿದ ಹೆಸರು ಅಂಟಿಸಿ, ಆ ಹೆಸರಿನ ಫಂಕ್ಷನ್ ಹುಡುಕಿ ಕರೆಯುತ್ತಿದ್ದರು. ಮಳೆ ಭರಣಿ ಎಂಬ ಪೂರ್ತಿ ಹೆಸರು ಕೋಡ್‌ನ ಆ ಜಾಗದಲ್ಲಿ ಎಲ್ಲೂ ಇರಲಿಲ್ಲ. ಅರ್ಧ ಕೋಡ್‌ನಲ್ಲಿತ್ತು, ಇನ್ನರ್ಧ ಕರಿಯಮ್ಮನ ಬಾಯಲ್ಲಿತ್ತು. ಸಾಧನ ಓದಿದ್ದು ಕೋಡ್ ಮಾತ್ರ. ಈ ವಿಷಯವನ್ನು ನಾನೇ ಇಪ್ಪತ್ತೆರಡು ವರ್ಷ ಬೋರ್ಡಿನ ಮೇಲೆ ಬರೆದು ಪಾಠ ಮಾಡಿದ್ದೆ, ಪರೀಕ್ಷೆಗೆ ಪ್ರಶ್ನೆಯನ್ನೂ ಕೊಟ್ಟಿದ್ದೆ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಹಂಗಾದ್ರೆ ಹೋದ ವರ್ಷದ ಪಟ್ಟಿ ಹೇಗೆ ಸರಿಯಾಗಿ ಬಂತು?" ಎಂದೆ.

"ಸೂಜಿ ಹಾಕಿದ ಮ್ಯಾಲೆ ಶೋಭಾ ಮಳೆ ಹೆಸರು ಅಳಿಸಿ ಅಸಲಿ ತಾರೀಖು ಹಾಕ್ತಾಳಲ್ರಿ. ಹಳೇ ವರ್ಷದಾಗೆ ಬರೀ ತಾರೀಖೇ ಇರ್ತಾವೆ. ಮಳೆ ಯಾರ್ ಕೇಳ್ತಾರೆ?" ಈ ವರ್ಷ ಪಟ್ಟಿಯಲ್ಲಿ ಬಂದ ಇಪ್ಪತ್ತೆರಡು ಮಂದೆ, ಊರು ಬಿಟ್ಟು ಹೋಗದೆ ಮನೆ ಹತ್ತಿರವೇ ಮೇಯಿಸುವವರದು. ಅವರಿಗೆ ಮಳೆ ಬೇಕಿಲ್ಲ, ತಾರೀಖು ಸಾಕು.

ಇನ್ನೊಂದು ಗಂಟು ಉಳಿದಿತ್ತು. ಫಂಕ್ಷನ್ ಸಿಗದಿದ್ದಾಗ ಪ್ರೋಗ್ರಾಂ ಯಾಕೆ ಬಾಯಿ ಬಿಡಲಿಲ್ಲ? ಅದಕ್ಕೆ ತಿಪ್ಪೇಸ್ವಾಮಿ ತುಸು ನಾಚಿಕೊಂಡರು. "ಕೆಲವ್ರು ಮಳೇನೂ ಹೇಳಲ್ಲ ಮೇಡಂ. ಯಾವಾಗ ಬರ್ತೀರಪ್ಪ ಅಂದ್ರೆ 'ನೋಡಾಣ' ಅಂತಾರೆ. ನಮ್ಮ ಮ್ಯಾಲೆ ನಂಬಿಕೆ ಇಲ್ದೋರು, ಹಿಂದೆ ಯಾವಾಗ್ಲೋ ಕಾದು ಗಾಡಿ ಬರ್ದೆ ನೊಂದೋರು. ಅದನ್ನೂ ಹಂಗೇ ಬರ್ಕಂತೀವಿ. ನೋಡಾಣ ಅನ್ನೋ ಫಂಕ್ಷನ್ ಎಲ್ಲಿಂದ ಬರ್ಬೇಕು? ಅದಕ್ಕೆ ಸಿಗದಿದ್ರೆ ಸುಮ್ನೆ ಬಿಟ್ಬಿಡು ಅಂತ ಬರೆದೆ. ಅವರನ್ನ ಪಟ್ಟಿಗೆ ಹಾಕ್ದೆ ನಾನೇ ಹೋಗಿ ಮಾತಾಡ್ತಿದ್ದೆ."

ಅಂದರೆ ನನ್ನ ಹೊಸ ಪ್ರೋಗ್ರಾಂ, ಮಳೆ ಹೆಸರು ಹೇಳಿ ಮಾತು ಕೊಟ್ಟ ಮೂವತ್ತಕ್ಕೂ ಹೆಚ್ಚು ಕುಟುಂಬಗಳನ್ನೂ ನೋಡಾಣ ಎಂದವರೆಂದು ತಿಳಿದು ಕೈಬಿಟ್ಟಿತ್ತು.

ಜಗುಲಿಯ ಮೇಲೆಯೇ ಕೂತು ಹಳೆಯ ಫೈಲಿನಿಂದ ಆರು ಫಂಕ್ಷನ್‌ಗಳನ್ನು ತಂದು ಹಾಕಿದೆ. ಹೆಸರು ಹೊಂದಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಭರಣಿಯಲ್ಲಿ ಮಳೆ ಬಿದ್ದ ದಿನಕ್ಕೆ ಮೂರು ದಿನ ಕೂಡಿಸಿದ್ದರು, ರೋಹಿಣಿಯಲ್ಲಿ ಐದು. ಯಾಕೆ ಎಂದು ಕೇಳಿದೆ. ತಿಪ್ಪೇಸ್ವಾಮಿ ಬಹಳ ಹೊತ್ತು ಯೋಚಿಸಿ, "ಯಾರೋ ಹೇಳಿದ್ರು ಕಣ್ರಿ, ನೆನಪಾಗ್ತಿಲ್ಲ. ಆದ್ರೆ ಸರಿ ಬರ್ತೈತೆ" ಎಂದರು. ಹಾಗೇ ಬಿಟ್ಟೆ. ಓಡಿಸಿದಾಗ ಅರವತ್ತಕ್ಕೆ ನಾಲ್ಕು ಕಮ್ಮಿ ಬಂತು. ನೋಡಿದರೆ ಆ ನಾಲ್ವರು ನಿಜವಾಗಿಯೂ ನೋಡಾಣ ಎಂದವರು. ಉಳಿದವರಲ್ಲಿ ಹದಿನೇಳು ಮಂದೆ ಆಗಲೇ ವಾಪಸ್ ಬಂದು ಕಾಯುತ್ತಿರಬೇಕಿತ್ತು. ಪಟ್ಟಿ ಶೋಭಾಗೆ ಹೋಯಿತು, ಎರಡನೇ ಗಾಡಿಯೊಂದನ್ನು ಬಾಡಿಗೆಗೆ ಹಿಡಿದೆವು.

ಅಷ್ಟರಲ್ಲಿ ಶೋಭಾ ಕರಿಯಮ್ಮನ ಗುಡ್ಡದ ಹತ್ತಿರವಿದ್ದಳು. ತಿಪ್ಪೇಸ್ವಾಮಿ ತಮ್ಮ ಬೈಕ್ ತೆಗೆದರು. "ನಡೀರಿ, ಹೋಗಾಣ. ನೀವು ಅವಳನ್ನ ಒಂದ್ಸಲ ನೋಡ್ಬೇಕು."

ಕರಿಯಮ್ಮ ಕುರಿಯೊಂದನ್ನು ಮಂಡಿಯ ನಡುವೆ ಹಿಡಿದುಕೊಂಡಿದ್ದರು, ಶೋಭಾ ಸೂಜಿ ಹಾಕುತ್ತಿದ್ದಳು. ಸುತ್ತ ಜಾಲಿಯ ಒಣ ಕೊಂಬೆಗಳ ಬೇಲಿ. ಬೇಲಿಯಾಚೆ ಇಳಿಜಾರಿನಲ್ಲಿ ಹುಲ್ಲು. ಕುರಿಗಳೆಲ್ಲ ಅತ್ತ ಮುಖ ಮಾಡಿ ಅರಚುತ್ತಿದ್ದವು. ಹಿಂದಿನ ದಿನ ಇನ್ನೂ ಮೂರು ಹೋಗಿದ್ದವು. ಲಸಿಕೆ ಹಾಕಿದರೂ ಅದು ಮೈಯಲ್ಲಿ ಹಿಡಿಯಲು ಎರಡು ವಾರ ಬೇಕು. ಅಲ್ಲಿಯವರೆಗೆ ಹಸಿರಿಗೆ ಬಿಡದೆ ಇದೇ ಕಲ್ಲಿನ ಮೇಲೆ ತಡೆದಿಟ್ಟುಕೊಳ್ಳಬೇಕು ಎಂದು ಶೋಭಾ ಹೇಳಿದಾಗ ಕರಿಯಮ್ಮ ತಲೆಯಾಡಿಸಿದರು, ಅಷ್ಟೇ.

ನಾನು ಹೋಗಿ ತಪ್ಪು ನನ್ನದು ಎಂದೆ. ಅವರು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಗೊಂದಲವಿತ್ತು, ಎರಡು ದಿನದಿಂದ ನನ್ನ ಮುಖದಲ್ಲಿದ್ದಂಥದ್ದೇ.

"ನಾನು ಹೇಳಿದ್ದನ್ನ ಬರ್ಕಂಡಿದ್ರಿ. ಮತ್ತೆ ಯಾರ್ ಅಳಿಸಿದ್ರು?"

"ಯಾರೂ ಅಳಿಸ್ಲಿಲ್ಲ ಕರಿಯಮ್ಮಕ್ಕ. ನೀವು ಹೇಳಿದ್ದು ಇತ್ತು. ಅದನ್ನ ಕೇಳಿಸ್ಕೊಳ್ಳೋದನ್ನೇ ನಾನು ಬೇಡದ್ದು ಅಂತ ತೆಗೆದಿದ್ದೆ."

ಅವರಿಗೆ ಅದು ಅರ್ಥವಾಯಿತೋ ಇಲ್ಲವೋ ನನಗೆ ಈಗಲೂ ಗೊತ್ತಿಲ್ಲ. "ಹೂಂ" ಎಂದು ಇನ್ನೊಂದು ಕುರಿ ಹಿಡಿದರು. ಎರಡು ವಾರ ಮುಗಿಯುವಷ್ಟರಲ್ಲಿ ಅವರ ಮಂದೆಯಲ್ಲಿ ಒಟ್ಟು ಒಂಬತ್ತು ಹೋದವು. ಬೇರೆ ಮಂದೆಗಳಲ್ಲೂ ಹೋದವು. ಕಾದವರಲ್ಲಿ ಕಡಿಮೆ, ಕಾಯದವರಲ್ಲಿ ಹೆಚ್ಚು. ಸಂಘದ ಸಭೆಯಲ್ಲಿ ಎದ್ದು ನಿಂತು ಆದದ್ದನ್ನು ಆದಂತೆ ಹೇಳಿದೆ. ಸಾಧನದ ತಪ್ಪು ಎಂದು ಜಾರಿಕೊಳ್ಳಬಹುದಿತ್ತು. ಆದರೆ ಅದು ತೆಗೆಯಲೇ ಎಂದು ಕೇಳಿತ್ತು, ಹೂಂ ಎಂದವಳು ನಾನು.

ಈಗಲೂ ಅಂಥ ಸಾಧನಗಳನ್ನು ಬಳಸುತ್ತೇನೆ, ಅವು ಮೊದಲಿಗಿಂತ ಬಹಳ ಜಾಣವಾಗಿವೆ. ಆದರೆ ಯಾರೂ ಕರೆಯುತ್ತಿಲ್ಲ ಎಂದು ಅವು ತೋರಿಸಿದ ಫಂಕ್ಷನ್ ಅನ್ನು ತೆಗೆಯುವ ಮೊದಲು, ಕೋಡ್‌ನ ಹೊರಗೆ ಅದನ್ನು ಕರೆಯುವವರು ಯಾರಾದರೂ ಇದ್ದಾರೆಯೇ ಎಂದು ಶೋಭಾಳನ್ನು ಕೇಳುತ್ತೇನೆ, ತಿಪ್ಪೇಸ್ವಾಮಿಯವರಿಗೆ ಫೋನ್ ಮಾಡುತ್ತೇನೆ. ಪರೀಕ್ಷಿಸಲು ಮುಗಿದ ವರ್ಷದ ಮಾಹಿತಿ ಹಾಕುವುದಿಲ್ಲ, ಇನ್ನೂ ಮಳೆ ಬೀಳಬೇಕಿರುವ ವರ್ಷದ್ದನ್ನು ಹಾಕುತ್ತೇನೆ. ರೋಹಿಣಿಯ ಆ ಐದು ದಿನ ಯಾಕೆಂದು ನನಗಿನ್ನೂ ತಿಳಿದಿಲ್ಲ. ತಿಳಿಯದ್ದನ್ನು ಬೇಡದ್ದು ಎಂದುಕೊಳ್ಳಬಾರದು ಎನ್ನುವಷ್ಟನ್ನು ಮಾತ್ರ ಆ ಕೆಲಸ ನನಗೆ ಕಲಿಸಿತು.

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಮಂದೆಗಳು ಹೊರಟವು. ಶೋಭಾ ಎಲ್ಲರನ್ನೂ ಕೇಳಿ ಬರೆದುಕೊಂಡಳು. ಪ್ರೋಗ್ರಾಂ ಓಡಿಸಿದೆ. ಎಲ್ಲ ಸರಿಯಾಗಿತ್ತು, ಕರಿಯಮ್ಮನ ಹೆಸರು ಮಾತ್ರ ಪಟ್ಟಿಯಲ್ಲಿ ಇರಲಿಲ್ಲ. ಮತ್ತೆ ಕೋಡ್‌ನಲ್ಲಿ ಎಲ್ಲಿ ಎಡವಿದೆನೆಂದು ಅರ್ಧ ದಿನ ಹುಡುಕಿದೆ. ಏನೂ ಸಿಗಲಿಲ್ಲ. ಕೊನೆಗೆ ಅವರು ಏನು ಬರೆಸಿದ್ದಾರೆಂದು ತೆಗೆದು ನೋಡಿದೆ.

ಅಂದಿನಿಂದ ಪ್ರತಿ ವರ್ಷ ಬಾಗೂರು ಕಡೆ ಮಳೆ ಬಿದ್ದ ದಿನ ನಾನೇ ಫೋನ್ ಮಾಡುತ್ತೇನೆ. ಗಾಡಿ ಕಳಿಸಲೇ ಎಂದರೆ "ಕಳ್ಸ್ರಿ" ಎನ್ನುತ್ತಾರೆ. ಹೋದ ಬೇಸಿಗೆಯಲ್ಲಿ ಧೈರ್ಯ ಮಾಡಿ ಕೇಳಿದೆ, "ಕರಿಯಮ್ಮಕ್ಕ, ಮುಂದಿನ ಸಲ ಯಾವ ಮಳೆ ಅಂತ ಬರ್ಕೊಳ್ಲಿ?"

ಅತ್ತ ಕಡೆ ಕುರಿಗಳ ಸದ್ದು ಕೇಳುತ್ತಿತ್ತು.

"ನೋಡಾಣ ಮೇಡಂ" ಎಂದರು.